ಅತ್ತೆಯ ಕಾಲೊಳಗಿನ ಕೋಟಿ ಜೀವಗಳು

ನಮ್ಮ ಮನೆಗೆ ಜಗತ್ತು ಎರಡು ದಿನ ತಡವಾಗಿ ಬರುತ್ತಿತ್ತು. ಕೊಲ್ಹಾಪುರದಿಂದ ಮರಾಠಿ ಪತ್ರಿಕೆ ಸರ್ವಿಸ್ ಮೋಟಾರಿನಲ್ಲಿ ಗಡಹಿಂಗ್ಲಜಕ್ಕೆ ಬಂದಿಳಿಯುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ಅದನ್ನು ತರಿಸುತ್ತಿದ್ದವರು ಪಕ್ಕದ ಮನೆಯ ಮಾಸ್ತರರು. ಅವರು ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಓದಿ ಮುಗಿಸಿ, ನೀಟಾಗಿ ಮಡಿಚಿ, ಮರುದಿನವಲ್ಲ ಅದರ ಮರುದಿನ ನಮ್ಮ ಪಡಸಾಲೆಯ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಅಷ್ಟರಲ್ಲಿ ಯುದ್ಧದಲ್ಲಿ ಬಿದ್ದ ಊರೊಂದು ಮತ್ತೆ ಮೊದಲಿನವರ ಕೈಗೆ ಬಂದಿದ್ದರೂ ಬಂದಿರಬಹುದು. ನಮಗೆ ಮಾತ್ರ ಅದು ಈಗತಾನೆ ಬಿದ್ದಿತು, ನಾವು ಅದಕ್ಕಾಗಿ ಈಗತಾನೆ ಮರುಗುತ್ತಿದ್ದೆವು.

ನಾವು ಎಂದರೆ ನಾನು ಮತ್ತು ನನ್ನ ಅತ್ತೆ. ಓದುವವಳು ನಾನು, ಕೇಳುವವರು ಅವರು.

ನಾನು ಹುಟ್ಟಿ ಬೆಳೆದದ್ದು ಇಚಲಕರಂಜಿಯಲ್ಲಿ. ಅಪ್ಪನದು ಮಗ್ಗದವರಿಗೆ ನೂಲು ಮಾರುವ ಅಂಗಡಿ. ಓಣಿಯ ತುಂಬ ಮಗ್ಗಗಳ ಸದ್ದು, ಮನೆಯೊಳಗೆ ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಆ ಸದ್ದಿನಲ್ಲೇ ಮರಾಠಿ ಶಾಲೆಯಲ್ಲಿ ಆರನೆಯ ಇಯತ್ತೆಯವರೆಗೆ ಕಲಿತೆ. ಮದುವೆಯಾಗಿ ಗಡಹಿಂಗ್ಲಜದ ಒಕ್ಕಲುತನದ ಮನೆಗೆ ಬಂದಾಗ ಅತ್ತೆ ನನಗೆ ಹೇಳಿದ ಮೊದಲ ಮಾತೆಂದರೆ, “ಯವ್ವಾ, ಇಲ್ಲಿ ಯಾರೂ ಕಿವುಡರಿಲ್ಲ. ಸಾವಕಾಶ ಮಾತಾಡು.”

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಮಾತು ಬರುತ್ತಿತ್ತು. ಬಾವಿಯ ಕಟ್ಟೆಯ ಮೇಲೆ ಅವರು ಒಂದು ಸಂಗತಿ ಹೇಳತೊಡಗಿದರೆ ತುಂಬಿದ ಕೊಡ ಹೊತ್ತವರು ಹೊತ್ತುಕೊಂಡೇ ನಿಲ್ಲುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಇಪ್ಪತ್ತು ಕೂರಿಗೆ ಹೊಲವನ್ನೂ ಇಬ್ಬರು ಮಕ್ಕಳನ್ನೂ ಆ ಮಾತಿನ ಬಲದಿಂದಲೇ ಕಾಯ್ದುಕೊಂಡಿದ್ದರು. ನಾನಾಡುವ ಕನ್ನಡದಲ್ಲಿ ಕೇಳುವಂಥದ್ದು ಏನಾದರೂ ಇದ್ದರೆ ಅದು ಅವರ ಬಾಯಿಂದ ಬಿದ್ದದ್ದನ್ನು ಆರಿಸಿಕೊಂಡದ್ದು.

ಮಧ್ಯಾಹ್ನದ ಊಟವಾದ ಮೇಲೆ ಅತ್ತೆ ಮೊರ ಮುಂದಿಟ್ಟುಕೊಂಡು ಜೋಳ ಹಸನು ಮಾಡಲು ಕುಳಿತರೆ ಅದೇ ನಮ್ಮ ಪತ್ರಿಕೆಯ ವೇಳೆ. ಮರಾಠಿಯನ್ನು ಕಣ್ಣಿನಿಂದ ಓದಿ ಕನ್ನಡದಲ್ಲಿ ಬಾಯಿಂದ ಹೇಳುವುದು ನನ್ನ ಕೆಲಸ. ಕೇಳುತ್ತ ಕೇಳುತ್ತ ಅವರ ಬೆರಳು ಕಲ್ಲನ್ನು ಒಂದು ಕಡೆ ತಳ್ಳುತ್ತಿತ್ತು, ಹುಳು ಸಿಕ್ಕರೆ ಅದನ್ನು ಒಂದು ಕರಟದೊಳಗೆ ಮೆಲ್ಲಗೆ ಬಿಡುತ್ತಿತ್ತು. ಕರಟದಲ್ಲಿ ನಾಲ್ಕು ಜೋಳದ ಕಾಳು ಇರಲೇಬೇಕು. ಕೊನೆಗೆ ಅದನ್ನು ಬೇಲಿಯ ನೆರಳಿನಲ್ಲಿ ಇಟ್ಟು ಬರುತ್ತಿದ್ದರು. “ಮನಿ ಬಿಡಸಿದ ಮ್ಯಾಲ ಬುತ್ತಿನಾದ್ರೂ ಕಟ್ಟಬೇಕಲ್ಲ?” ಎನ್ನುತ್ತಿದ್ದರು. ನಮ್ಮದು ಜೈನರ ಮನೆ. ನೀರು ಸೋಸಿ ಕುಡಿಯುವುದು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು, ಇದೆಲ್ಲ ನಮಗೆ ಉಸಿರಾಡಿದಷ್ಟು ಸಹಜ. ಆದರೆ ಹುಳುವಿಗೆ ಬುತ್ತಿ ಕಟ್ಟುವವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ನಾನು ಆ ಮನೆಗೆ ಬಂದ ವರ್ಷವೇ ಸೂರ್ಯನ ಸುತ್ತ ತಿರುಗುವ ಹೊಸ ಗ್ರಹವೊಂದು ಕಂಡಿತೆಂಬ ಸುದ್ದಿ ಬಂತು.

“ಅತ್ತೀ, ಹೊಸಾ ಗ್ರಹ ಸಿಕ್ಕೈತಂತ್ರಿ.”

“ಎಲ್ಲಿ ಹೋಗಿತ್ತು?”

“ಎಲ್ಲೂ ಹೋಗಿದ್ದಿಲ್ರಿ. ಮೊದಲಿಂದ ಅಲ್ಲೇ ಇತ್ತಂತ. ಇವರಿಗೆ ಕಂಡಿದ್ದಿಲ್ಲ ಅಷ್ಟ.”

“ಹಂಗಾರ ಸಿಕ್ಕಿದ್ದು ಗ್ರಹ ಅಲ್ಲ, ಇವರ ಕಣ್ಣು,” ಎಂದರು ಅತ್ತೆ. ಸ್ವಲ್ಪ ಹೊತ್ತು ಕಾದು, “ಮುಂದ?” ಎಂದರು.

“ಮುಂದೇನಿಲ್ರಿ. ಇಷ್ಟ ಬರದಾರ.”

“ಒಣಾ ರೊಟ್ಟಿ ಎಸದಂಗ ಎಸದಿ ನೋಡ. ಸುದ್ದಿಗೆ ಒಂದೀಟ ತುಪ್ಪಾ ಹಚ್ಚಿ ಕೊಡಬೇಕ ಯವ್ವಾ, ಅಂದ್ರ ಗಂಟಲದಾಗ ಇಳೀತೈತಿ.”

ಅಂದಿನಿಂದ ನಾನು ತುಪ್ಪ ಹಚ್ಚಲು ಕಲಿತೆ. ಗ್ರಹ ಹುಡುಕಿದವನು ಚಳಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದನೆಂದೂ, ಅವನ ತಾಯಿ ಊಟಕ್ಕೆ ಕರೆದು ಕರೆದು ಬೇಸತ್ತು ತಾಟು ಮುಚ್ಚಿಟ್ಟಿದ್ದಳೆಂದೂ ಪತ್ರಿಕೆಯಲ್ಲಿ ಇಲ್ಲದ್ದನ್ನು ಕೂಡಿಸಿ ಹೇಳಿದೆ. ಅತ್ತೆ, “ಪಾಪ, ತಾಯಿ ಅಂದಮ್ಯಾಲ ಅಷ್ಟ,” ಎಂದು ತಲೆದೂಗಿದರು. ಎಷ್ಟು ನನ್ನದು, ಎಷ್ಟು ಪತ್ರಿಕೆಯದು ಎಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತೆಂದೇ ನಾನು ತಿಳಿದಿದ್ದೆ. ಕಥೆ ಹೇಳುವವರಿಗೆ ಇನ್ನೊಬ್ಬರ ತುಪ್ಪದ ವಾಸನೆ ಬಾರದೆ ಇರುತ್ತದೆಯೆ?

ಹೀಗೆ ಹದಿನೈದು ವರ್ಷ. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತೆ, ಮೈದುನನ ಮದುವೆಯಾಗಿ ಅವನು ಮಗ್ಗದ ಕೆಲಸ ಹಿಡಿದು ಇಚಲಕರಂಜಿಗೆ ಹೋದ, ಪತ್ರಿಕೆಯ ಹಾಳೆ ಯುದ್ಧಕ್ಕೆ ಸಿಕ್ಕು ಸಣ್ಣದಾಯಿತು. ಮಧ್ಯಾಹ್ನದ ಓದು ಮಾತ್ರ ನಿಲ್ಲಲಿಲ್ಲ.

ಯುದ್ಧದ ಕೊನೆಯ ಶ್ರಾವಣದಲ್ಲಿ ಆ ಸುದ್ದಿ ಬಂತು. ಪರಮಾಣುವನ್ನು ಒಡೆದಿದ್ದಾರೆ ಎಂದು ಶುರು ಮಾಡಿದೆ. ಬಸದಿಯ ಪ್ರವಚನದಲ್ಲಿ ಪರಮಾಣುವಿನ ಮಾತು ಕೇಳಿ ಕೇಳಿ ಅತ್ತೆಗೆ ಅದು ನೆರೆಮನೆಯವರಷ್ಟೇ ಪರಿಚಯ.

“ಪರಮಾಣು ಅಂದ್ರ ಒಡೀಲಾರದ್ದು,” ಎಂದರು. “ಒಡದೈತಿ ಅಂದ್ರ ಅದು ಪರಮಾಣು ಅಲ್ಲ. ಅದು ಇನ್ನೂ ಒಳಗ ಎಲ್ಲೋ ಕುಂತಿರತೈತಿ. ಅದನ್ನಾರ ಬಿಡ್ರಪಾ ಅಂತ ಬರೀ ಅವರಿಗೆ.”

ನಾನು ನಕ್ಕೆ. ನಗುತ್ತಲೇ ಮುಂದಿನ ಸಾಲಿಗೆ ಹೋದೆ. ಜಪಾನಿನ ಒಂದು ಊರು. ಒಂದೇ ಬಾಂಬು. ಊರಿಗೆ ಊರೇ ಇಲ್ಲ. ನನ್ನ ದನಿ ತಾನಾಗಿಯೇ ಸಣ್ಣದಾಯಿತು.

“ಎಷ್ಟೊತ್ತಿಗೆ ಹಾಕಿದ್ರಂತ?”

“ಮುಂಜಾನೇರಿ. ಎಂಟರ ಸುಮಾರಿಗೆ.”

“ಹೆಣ್ಮಕ್ಕಳು ನೀರಿಗೆ ಹೋಗೂ ಹೊತ್ತು,” ಎಂದರು ಅತ್ತೆ.

ನಾನು ಬಾಯಿ ತೆರೆದೆ. ಅವರು ಮೊರದ ಮೇಲಿನ ಕೈ ಎತ್ತಿ ನನ್ನನ್ನು ತಡೆದರು. “ಬ್ಯಾಡ. ಇದಕ್ಕ ತುಪ್ಪಾ ಹಚ್ಚಬ್ಯಾಡ.” ಮೊರ ಬದಿಗೆ ಸರಿಸಿ, “ಯಾಕ ಮಾಡಿದ್ರಂತ?” ಎಂದು ಕೇಳಿದರು.

“ಯುದ್ಧ ಲಗೂ ಮುಗೀತಂದ್ರ ಭಾಳ ಮಂದಿ ಉಳೀತಾರ ಅಂತ್ರಿ.”

“ಯಾರನ್ನೋ ಉಳಸಾಕ ಇವರನ್ನ ಸಾಯಿಸೂದು? ಉಳದವರಿಗೆ ಅನ್ನ ಹ್ಯಾಂಗ ಇಳೀತೈತಿ?”

ಅಂದು ಹೊತ್ತು ಮುಳುಗುವ ಮೊದಲು ಅತ್ತೆ ಊಟಕ್ಕೆ ಬರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವಂತಿರಲಿಲ್ಲ. ಹಾಗೆ ಆ ದಿನ ಅವರದು ಉಪವಾಸವಾಯಿತು.

ಆಮೇಲೆ ಅವರು ಮಂಕಾದರು. ಗೂಡಿನಲ್ಲಿ ಪತ್ರಿಕೆ ಮೂರು ನಾಲ್ಕು ದಿನದ್ದು ಒಟ್ಟಾದರೂ ಓದು ಎನ್ನುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಮನುಷ್ಯನ ಬುದ್ಧಿಯಿಂದ ಒಳ್ಳೆಯದೂ ಹುಟ್ಟುತ್ತದೆ ಎಂದು ಅವರಿಗೆ ತೋರಿಸಬೇಕು ಅನ್ನಿಸಿತು. ಒಂದು ದಿನ ಅಂಥದ್ದೊಂದು ಸುದ್ದಿ ಸಿಕ್ಕಿತು ಕೂಡ. ಹಳಸಿದ ರೊಟ್ಟಿಯ ಮೇಲೆ ಹಸಿರಾಗಿ ಕೂಡುತ್ತದಲ್ಲ ಬೂಸರು, ಆ ಜಾತಿಯ ಬೂಸರಿನಿಂದ ಹೊಸ ಔಷಧ ತೆಗೆದಿದ್ದಾರೆ, ಸಾಯುವ ಸೈನಿಕರು ಎದ್ದು ಕುಳಿತಿದ್ದಾರೆ, ಇನ್ನು ಮೇಲೆ ಎಲ್ಲರಿಗೂ ಸಿಗುತ್ತದೆ ಎಂದು ಬರೆದಿತ್ತು.

ಆ ದಿನ ನಾನು ತುಪ್ಪದ ಗಡಿಗೆಯನ್ನೇ ಬೋರಲು ಹಾಕಿದೆ. ಗಾಯದೊಳಗೆ ಕಣ್ಣಿಗೆ ಕಾಣದ ಜೀವಗಳು ಕೋಟಿ ಕೋಟಿ ಸೇರಿರುತ್ತವೆಂದೂ, ಔಷಧ ಒಳಗೆ ಹೋದದ್ದೇ ತಡ ಅವು ಬಿಸಿ ಹಂಚಿನ ಮೇಲಿನ ಅಳ್ಳಿನಂತೆ ಪಟಪಟ ಸಿಡಿದು ಸಾಯುತ್ತವೆಂದೂ ಕೈ ತಿರುವಿ ತಿರುವಿ ಹೇಳಿದೆ. ಅಳ್ಳು ಎಂದರೆ ಹುರಿದು ಅರಳಿಸಿದ ಜೋಳ. ಅದು ಅತ್ತೆಗೆ ಪ್ರೀತಿ. ಅದಕ್ಕೇ ಆ ಉಪಮೆ ತಂದಿದ್ದೆ.

ಅತ್ತೆ ಕರಟದೊಳಗಿನ ಹುಳುವನ್ನು ನೋಡುತ್ತಿದ್ದರು. “ಒಂದ ಸೂಜಿಗೆ ಎಷ್ಟ ಸಾಯತಾವ ಅಂದಿ?”

“ಕೋಟ್ಯಾನುಕೋಟಿರಿ!”

“ಒಬ್ಬರ ಸಲುವಾಗಿ?”

“ಹೌದ್ರಿ, ಒಬ್ಬರನ್ನ ಉಳಸಾಕ...” ಎಂದವಳು ಅಲ್ಲೇ ನಿಂತೆ. ಆದರೆ ಹೊತ್ತು ಮೀರಿತ್ತು.

“ಅದೂ ಹಂಗ, ಇದೂ ಹಂಗ,” ಎಂದು ಅತ್ತೆ ಕರಟ ಹಿಡಿದು ಬೇಲಿಯ ಕಡೆಗೆ ಎದ್ದು ಹೋದರು.

ಮರುವರ್ಷ ದೀಪಾವಳಿಯಾದ ಮೇಲೆ ಕಬ್ಬು ಕಡಿಯುವ ಕಾಲ. ಕಡಿದ ಕಬ್ಬಿನ ಬುಡ ನೆಲದಲ್ಲಿ ಭರ್ಜಿಯ ಮೊನೆಯಂತೆ ನಿಂತಿರುತ್ತದೆ. ನಾವು ಅದಕ್ಕೆ ಕೂಳೆ ಎನ್ನುತ್ತೇವೆ. ಆಳುಗಳಿಗೆ ಬುತ್ತಿ ಒಯ್ದಿದ್ದ ಅತ್ತೆಯ ಅಂಗಾಲಿಗೆ ಅದು ನೆಟ್ಟಿತು. ಅವರು ಯಾರಿಗೂ ಹೇಳದೆ ಅರಿಸಿನ ಮೆತ್ತಿಕೊಂಡು ಐದು ದಿನ ಓಡಾಡಿದರು. ಆರನೆಯ ದಿನ ಪಾದ ಕುಂಬಳಕಾಯಿಯಂತಾಯಿತು. ಜ್ವರ ಬಂತು. ಊರ ಡಾಕ್ಟರು ಕೊಯ್ದು ಕೀವು ತೆಗೆದರು, ಇಳಿಯಲಿಲ್ಲ. ಕಣಕಾಲಿನಿಂದ ಮೊಳಕಾಲಿನ ಕಡೆಗೆ ಕುಂಕುಮದ ಗೆರೆ ಎಳೆದಂತೆ ಕೆಂಪೊಂದು ಏರತೊಡಗಿದಾಗ ಆ ಡಾಕ್ಟರೇ ಕೈಚೆಲ್ಲಿ ಕೊಲ್ಹಾಪುರಕ್ಕೆ ಒಯ್ಯಿರಿ ಎಂದರು.

ಸರ್ವಿಸ್ ಮೋಟಾರಿನ ಹಿಂದಿನ ಆಸನದ ಮೇಲೆ ಅವರನ್ನು ಮಲಗಿಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು, ಕಾಲು ನಮ್ಮವರ ತೊಡೆಯ ಮೇಲಿಟ್ಟು ಹೊರಟೆವು. ಆಗಿನ್ನೂ ಮೋಟಾರು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ನಿಪ್ಪಾಣಿಯ ಏರಿನಲ್ಲಿ ಮಂದಿಯೆಲ್ಲ ಇಳಿದು ನೂಕಿದರು. ಜ್ವರದಲ್ಲೂ ಅತ್ತೆ ಕಣ್ಣು ತೆರೆದು, “ನಾವ ಮೋಟಾರಿನ್ಯಾಗ ಹೊಂಟೇವೋ, ಮೋಟಾರ ನಮ್ಮ ಮ್ಯಾಲ ಹೊಂಟೈತೋ?” ಎಂದರು. ನಮ್ಮವರು ಮುಖ ತಿರುವಿ ಕಣ್ಣೊರೆಸಿಕೊಂಡರು.

ಕೊಲ್ಹಾಪುರದ ದವಾಖಾನೆಯ ಡಾಕ್ಟರು ಹಿರಿಯರು, ಬೆಳ್ಳಗಿನ ಮೀಸೆ, ಯುದ್ಧದಲ್ಲಿ ಸೈನ್ಯದ ದವಾಖಾನೆಯಲ್ಲಿ ಇದ್ದು ಬಂದವರು. ಮರಾಠಿಯವರು. ತಾಯಿಯ ತವರು ಅಥಣಿಯ ಕಡೆಯಾದ್ದರಿಂದ ಅಷ್ಟಿಷ್ಟು ಕನ್ನಡ ಆಡುತ್ತಿದ್ದರು, ಅವ್ವಾ ಎನ್ನುವಲ್ಲಿ ಮಾತ್ರ ಮರಾಠಿಯ ಆಈ ಬರುತ್ತಿತ್ತು. ಕಾಲು ನೋಡಿ, ಕೆಂಪು ಗೆರೆಯ ತುದಿಗೆ ಮಸಿಯಿಂದ ಒಂದು ಗುರುತು ಹಾಕಿ, “ಹೊಸ ಔಷಧ ಐತಿ ಆಈ. ಮೂರು ಮೂರು ತಾಸಿಗೆ ಇಂಜೆಕ್ಷನ್ ಕೊಡತೇನಿ. ಕಾಲೂ ಉಳೀತೈತಿ,” ಎಂದರು.

ಅತ್ತೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಇದು ನೀ ಓದಿದ್ದು ಹೌದಲ್ಲೊ? ಬೂಸರಿಂದು?”

ನಾನು ಹೊದಿಕೆಯ ಅಂಚನ್ನು ಸರಿಮಾಡತೊಡಗಿದೆ.

“ಹಂಗಾರ ಬ್ಯಾಡ್ರಿ ಡಾಕ್ಟರ ಸಾಹೇಬ್ರ. ನನಗ ಅದು ನಡಿಯಂಗಿಲ್ಲ.”

ಡಾಕ್ಟರು ಹೇಳಿದರು, ಬೈದರು, ಮತ್ತೆ ಹೇಳಿದರು. ಕೊಡದಿದ್ದರೆ ಮೊಳಕಾಲಿನ ಮೇಲೆ ಕತ್ತರಿಸಬೇಕು, ಗೆರೆ ತೊಡೆಗೇರಿದರೆ ಅದೂ ಉಪಯೋಗವಿಲ್ಲ, ನಾಳೆ ಮುಂಜಾನೆಯವರೆಗೆ ಮಾತ್ರ ವೇಳೆ ಇದೆ ಎಂದರು. ನಮ್ಮವರು ತಾಯಿಯ ಕೈಹಿಡಿದು ಮಗುವಿನಂತೆ ಅತ್ತರು. “ಅವ್ವಾ, ನನ್ನ ಸಲುವಾಗಿ ತಗೋ.”

“ನಿನ್ನ ಸಲುವಾಗಿ ಏನ ಬೇಕಾದ್ದ ತಗೋತೇನಿ ಮಗನ. ಕೋಟಿ ಜೀವಾ ಹ್ಯಾಂಗ ತಗೊಳ್ಳಿ?”

ನಮ್ಮವರು ನನ್ನ ಕಡೆಗೆ ತಿರುಗಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು. “ಏನ ಓದಿದೀಯ ನೀ ಅವ್ವಗ?”

ಹದಿನಾರು ವರ್ಷದಿಂದ ನನ್ನ ಮಾತನ್ನು ನಂಬಿದ ಜೀವ ಆ ಮಾತಿನಿಂದಲೇ ಹೋಗುವುದರಲ್ಲಿತ್ತು. ವರಾಂಡದ ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಒಳಗೆ ಬಂದು ಒಂದು ಸುಳ್ಳು ಹೇಳಿದೆ.

“ಅತ್ತೀ, ನಾ ಅವತ್ತ ತಪ್ಪ ಓದಿದ್ನಿರಿ. ಇದು ಬೂಸರಿಂದ ಅಲ್ಲ, ಒಂದ ಗಿಡದ ಬೇರಿಂದಂತ. ಯಾವ ಜೀವಾನೂ ಸಾಯಂಗಿಲ್ಲಂತ.”

ಅತ್ತೆ ಬಿಸಿ ಕೈಯಿಂದ ನನ್ನ ಗಲ್ಲ ಹಿಡಿದರು. “ಹದಿನಾರ ವರ್ಷ ಆತು, ಒಂದ ಅಕ್ಷರ ತಪ್ಪಿದ್ದಿಲ್ಲ ನೀ. ಇವತ್ತ ತಪ್ಪಿದ್ದಿ ಅಂತ ಹೇಳಾಕ ಬಂದೀ, ಹುಚ್ಚಿ. ಸುಳ್ಳ ಹೇಳೂವಾಗರ ಕಣ್ಣೊರಸ್ಕೊಂಡ ಬಾ.”

ಆಗ ನನ್ನ ಕಟ್ಟೆ ಒಡೆಯಿತು. ಅಳ್ಳಿನ ಮಾತು ನನ್ನದು, ಸಿಡಿದು ಸಾಯುವುದು ನನ್ನದು, ಪತ್ರಿಕೆ ಹಾಗೆ ಬರೆದಿರಲಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅತ್ತೆಯ ಕಣ್ಣಿನಲ್ಲಿ ಏನೋ ಚುರುಕಾಯಿತು. ದಿಂಬಿನ ಮೇಲೆ ಸ್ವಲ್ಪ ಎತ್ತಿಕೊಂಡರು. “ಹಂಗೇನು? ಹಂಗಾರ ಹಸನ ಮಾಡಿ ಹೇಳು. ಪೇಪರಿನ್ಯಾಗ ಇದ್ದದ್ದು ಒಂದ ಕಡೆ, ನಿಂದು ಒಂದ ಕಡೆ.”

ನಾನು ಮಂಚದ ಅಂಚಿನಲ್ಲಿ ಕುಳಿತು, ಮೊರ ಹಿಡಿದವಳಂತೆ ಕಾಳು ಬೇರೆ ಕಲ್ಲು ಬೇರೆ ಮಾಡಿದೆ. ಬೂಸರು, ಅದು ಪತ್ರಿಕೆಯದು. ಕೋಟಿ ಕೋಟಿ, ಅದು ನನ್ನದು, ಅಲ್ಲಿ ಬರೀ ಅಸಂಖ್ಯ ಎಂದಿತ್ತು. ಸಿಡಿಯುವುದು ನನ್ನದು. ಔಷಧ ಆ ಜೀವಗಳನ್ನು ಬೆಳೆಯಗೊಡುವುದಿಲ್ಲ, ಉಳಿದದ್ದನ್ನು ಮೈಯೊಳಗಿನ ರಕ್ತವೇ ನೋಡಿಕೊಳ್ಳುತ್ತದೆ, ಇದು ಪತ್ರಿಕೆಯದು. ಸೈನಿಕರು ಎದ್ದು ಕುಳಿತದ್ದು ಪತ್ರಿಕೆಯದು, ಎದ್ದು ಅವರು ತಾಯಿಗೆ ಪತ್ರ ಬರೆದದ್ದು ನನ್ನದು.

“ಅದು ನಿಂದ ಅಂತ ನನಗ ಗೊತ್ತಿತ್ತು,” ಎಂದರು ಅತ್ತೆ.

ಡಾಕ್ಟರು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. ಅತ್ತೆ ಅವರನ್ನು ಹತ್ತಿರ ಕರೆದರು. “ಡಾಕ್ಟರ ಸಾಹೇಬ್ರ, ಈಕಿ ಪೇಪರ ಓದತಾಳ, ನೀವು ಶಾಸ್ತ್ರ ಓದೀರಿ. ಖರೇ ಹೇಳ್ರಿ. ಸಾಯತಾವೋ, ಇಲ್ಲೋ?”

ಅವರು ಹೌದೆಂದರೂ ಕೆಟ್ಟಿತು, ಇಲ್ಲವೆಂದರೂ ಕೆಟ್ಟಿತು. ಆ ಮನುಷ್ಯ ಸುಳ್ಳು ಹೇಳಲಿಲ್ಲ. “ಸಾಯತಾವ ಆಈ. ಹ್ಯಾಂಗ ಸಾಯತಾವ ನನಗೂ ಪೂರಾ ಗೊತ್ತಿಲ್ಲ. ಆದ್ರ ಸಾಯತಾವ.”

ನಮ್ಮವರು ತಲೆಯ ಮೇಲೆ ಕೈಹೊತ್ತು ಕುಳಿತರು.

ಅತ್ತೆ ಮಾತ್ರ ಯೋಚಿಸುತ್ತಿದ್ದರು. ಬಾವಿಯ ಕಟ್ಟೆಯ ಮೇಲೆ ಮಾತು ಮುಂದುವರಿಸುವ ಮೊದಲು ಹೀಗೆಯೇ ಒಂದು ಗಳಿಗೆ ನಿಲ್ಲುತ್ತಿದ್ದರು. “ಮತ್ತ ನಾ ಸೂಜಿ ತಗೊಳ್ಳಲಿಲ್ಲ, ಸತ್ನಿ ಅಂತ ತಿಳೀರಿ. ಆಗ ಅವು ಬದಕತಾವೇನು?”

ಡಾಕ್ಟರು ಬೆರಗಾದರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಮೀಸೆಯ ಮೇಲೆ ಕೈಯಾಡಿಸುತ್ತ ನಿಂತರು. “ಇಲ್ಲ ಆಈ. ಎಲ್ಲಿ ಬದಕತಾವ? ನಿಮ್ಮನ್ನ ಸುಡತಾರಲ್ಲ, ನಿಮ್ಮ ಜೋಡೀನ ಅವೂ ಸುಟ್ಟ ಹೋಗತಾವ.”

“ಒಂದೂ ಉಳಿಯಂಗಿಲ್ಲ?”

“ಒಂದೂ ಇಲ್ಲ.”

ಅತ್ತೆ ನಕ್ಕರು. ಜ್ವರದ ಒಣ ತುಟಿ ಬಿರಿದು ರಕ್ತ ಬರುವಷ್ಟು ನಕ್ಕರು. “ಹಂಗಾರ ನಾ ಸಾಯೂದ್ರಿಂದ ಯಾರಿಗೂ ಏನೂ ಉಪಕಾರ ಇಲ್ಲ ಅನ್ರಿ! ಬರೀ ಕಟಗಿ ಖರ್ಚು.”

ಅವರು ನನ್ನ ಕಡೆಗೆ ತಿರುಗಿ ಮೆಲ್ಲಗೆ ಹೇಳಿದರು. “ಅದೂ ಇದೂ ಒಂದ ಅಂತ ನಾ ಅಂದಿದ್ನೆಲ್ಲ, ಅದು ತಪ್ಪಾತು ಯವ್ವಾ. ನೀರಿಗೆ ಹೋದ ಆ ಹೆಣ್ಮಕ್ಕಳು ಸಾಯೂದಿದ್ದಿಲ್ಲ. ಕೊಡಾ ತುಂಬಕೊಂಡ ಮನೀಗೆ ಬರವ್ರು ಅವರು. ಇವು ಹೆಂಗಿದ್ರೂ ಹೋಗಾವು. ನಾ ಉಳದ್ರ ಇವನ್ನ ನೆನಸವರು ಒಬ್ಬರಾದ್ರೂ ಉಳೀತಾರ.”

ಅಂದಿನಿಂದ ನಾನು ಎಷ್ಟೋ ಸುದ್ದಿ ಓದಿದ್ದೇನೆ. ಹೊಸದೇನಾದರೂ ಕಂಡುಹಿಡಿದರೆಂದು ಬಂದಾಗಲೆಲ್ಲ ಪತ್ರಿಕೆಗಳು ಅದರಿಂದ ಎಷ್ಟು ಮಂದಿಗೆ ಲಾಭ ಎಂದು ಬರೆಯುತ್ತವೆ. ಅಕ್ಷರ ಬಾರದ ಆ ಹೆಂಗಸು, ಮೈ ಸುಡುತ್ತ ಮಲಗಿ, ಸಾಯುವವರು ಯಾರು, ಅವರು ಹೇಗಿದ್ದರೂ ಸಾಯುವವರೋ ಅಥವಾ ನಾವು ಸಾಯಿಸಿದ್ದೋ ಎಂದು ಹಸನು ಮಾಡಿ ಕೇಳಿದ್ದು ನನಗೆ ಮರೆಯುವುದಿಲ್ಲ. ಆ ವರ್ಷದ ಎರಡೂ ಸುದ್ದಿ ಒಂದೇ ಬಗೆಯ ಬುದ್ಧಿಯಿಂದ ಹುಟ್ಟಿದವು. ಒಂದೇ ಪತ್ರಿಕೆಯಲ್ಲಿ, ಒಂದೇ ಮಸಿಯಲ್ಲಿ ಅಚ್ಚಾಗಿ ಬಂದವು. ಅವೆರಡರ ನಡುವಿನ ಅಂತರ ಎಷ್ಟೆಂದು ನನಗೆ ತೋರಿಸಿದ್ದು ಮಾತ್ರ ಪತ್ರಿಕೆಯಲ್ಲ.

ಮೊದಲ ಸೂಜಿ ಮಧ್ಯಾಹ್ನ ಮೂರಕ್ಕೆ ಆಯಿತು. ಹಳದಿ ಪುಡಿಗೆ ನೀರು ಬೆರೆಸಿ ಡಾಕ್ಟರೇ ಚುಚ್ಚಿದರು. ಎರಡನೆಯದು ಆರಕ್ಕೆ ಆಗಬೇಕು. ಕಾರ್ತಿಕದ ಆರು ಗಂಟೆಗೆ ಹೊತ್ತು ಮುಳುಗಿರುತ್ತದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅತ್ತೆಗೆ ಹೊಳೆಯಿತು. ಕಿಟಕಿಯ ಕಡೆಗೆ ನೋಡಿ, “ಹೊತ್ತ ಮುಣಗೇತಿ. ಇನ್ನ ನಾಳಿ ಮುಂಜಾನೆ,” ಎಂದು ಮಗ್ಗುಲಾದರು.

ಡಾಕ್ಟರು ಸೂಜಿ ಹಿಡಿದು ನಿಂತೇ ಇದ್ದರು. “ಆಈ, ರಾತ್ರಿ ನಿಲ್ಲಸಿದ್ರ ಎಲ್ಲಾ ಹಾಳು. ನಿಮ್ಮ ಕಾಲಾಗಿನವಕ್ಕ ಸೂರ್ಯ ಮುಳುಗೂದು ಗೊತ್ತಿಲ್ಲ.”

“ಅವಕ್ಕ ಗೊತ್ತಿಲ್ಲ. ನನಗ ಗೊತ್ತೈತಲ್ರಿ.”

“ಇದು ಊಟ ಅಲ್ಲ ಅವ್ವಾ!” ಎಂದರು ನಮ್ಮವರು.

“ಮೈಯಾಗ ಹೋಗತೈತಿಲ್ಲೊ?”

ಹೊರಗೆ ವರಾಂಡದಲ್ಲಿ ಇತರ ರೋಗಿಗಳ ಮನೆಯವರು ಒಟ್ಟಾದರು. ಸೂಜಿ ಊಟವೋ ಅಲ್ಲವೋ ಎಂದು ಮರಾಠಿಯಲ್ಲಿ, ಕನ್ನಡದಲ್ಲಿ, ಉರ್ದುವಿನಲ್ಲಿ ಪಂಚಾಯತಿ ನಡೆಯಿತು. ಮಗನ ಕೈ ಮುರಿದು ಬಂದಿದ್ದ ಎಲೆಯಡಿಕೆ ಮಾರುವ ಮುದುಕ ತಾಂಬೋಳಿಯೊಬ್ಬರು, ತಾವು ರೋಜಾದ ಉಪವಾಸ ಹಿಡಿದಾಗಲೂ ಇದೇ ಪ್ರಶ್ನೆ ಎದ್ದಿತ್ತು, ಇನ್ನೂ ತೀರ್ಮಾನವಾಗಿಲ್ಲ ಎಂದರು. ಡಾಕ್ಟರು ಗಡಿಯಾರ ನೋಡುತ್ತಿದ್ದರು. ಆರು ದಾಟಿ ಹತ್ತು ನಿಮಿಷ, ಹದಿನೈದು ನಿಮಿಷ.

ನಾನು ಅತ್ತೆಯ ಕಿವಿಯ ಹತ್ತಿರ ಬಗ್ಗಿದೆ. “ಅತ್ತೀ, ವ್ರತ ಹಿಡಿಯೂವಾಗ ಏನಂತ ಹೇಳಿದ್ರಿ?”

“ಹೊತ್ತ ಮುಣಗಿದ ಮ್ಯಾಲ ಬಾಯಾಗ ಏನೂ ಹಾಕೂದಿಲ್ಲ ಅಂತ.”

“ಬಾಯಾಗ ಅಂತ ಹೇಳಿದ್ರಿ?”

ಅತ್ತೆ ನನ್ನನ್ನೇ ನೋಡಿದರು. ಡಾಕ್ಟರ ಕೈಯಲ್ಲಿದ್ದ ಸೂಜಿಯನ್ನು ನೋಡಿದರು. ಅದು ಎಲ್ಲಿಗೆ ಚುಚ್ಚುವ ಸೂಜಿಯೆಂಬುದು ಮಧ್ಯಾಹ್ನವೇ ಅವರಿಗೆ ಗೊತ್ತಾಗಿತ್ತು. “ಹೌದ ಖರೆ,” ಎಂದರು. “ಕುಂಡಿಗೆ ವ್ರತಾ ಹಿಡದಿಲ್ಲ ನಾನು.”

ನಗು ವರಾಂಡದವರೆಗೂ ಹೋಯಿತು. ಡಾಕ್ಟರು ನಗುತ್ತಲೇ ಚುಚ್ಚಿದರು.

ಮುಂದೆ ಎರಡು ದಿನ ಮೂರು ಮೂರು ತಾಸಿಗೆ ಸೂಜಿ. ಗೆರೆ ಮಸಿಯ ಗುರುತನ್ನು ಎರಡು ಬೆರಳಷ್ಟು ದಾಟಿ ನಿಂತಿತು, ನಿಂತೇ ಇತ್ತು, ಆಮೇಲೆ ಹಿಂದೆ ಸರಿಯಿತು. ಮೂರನೆಯ ದಿನ ಮುಂಜಾನೆ ಡಾಕ್ಟರು ಕಣಕಾಲಿನ ಮೇಲೆ ಬೆರಳೂರಿ ನೋಡಿ, “ಕಾಲು ಉಳೀತು ಆಈ. ನೀವೂ ಉಳದ್ರಿ,” ಎಂದರು.

“ಅವು?”

“ಯಾವು?”

“ನನ್ನ ಕಾಲಾಗಿನವು.”

ಡಾಕ್ಟರ ದನಿ ಇಳಿಯಿತು. “ಹೋದವು ಆಈ.”

“ಅವಕ್ಕ ಹೆಸರೈತೇನು?”

ಉದ್ದನೆಯ ಇಂಗ್ಲಿಷ್ ಹೆಸರೊಂದನ್ನು ಅವರು ಹೇಳಿದರು. ಅತ್ತೆ ಎರಡು ಸಲ ಪ್ರಯತ್ನಿಸಿ ಬಿಟ್ಟುಬಿಟ್ಟರು. “ಇರಲಿ. ಹೆಸರ ತಪ್ಪಿ ಕರದ್ರ ಸಿಟ್ಟಾಗವರು ಮನಷ್ಯಾರು ಅಷ್ಟ.”

ನನ್ನ ಭುಜ ಹಿಡಿದು ಎದ್ದು ಕುಳಿತರು. ಭಾದ್ರಪದದ ಪರ್ವ ಮುಗಿದ ದಿನ ನಮ್ಮಲ್ಲಿ ಮನೆಮನೆಗೆ ಹೋಗಿ ಎಲ್ಲರಿಂದ ಕ್ಷಮೆ ಕೇಳುವ ಪದ್ಧತಿ. ವರ್ಷವಿಡೀ ತಿಳಿದೋ ತಿಳಿಯದೆಯೋ ಯಾವ ಜೀವಿಯನ್ನು ನೋಯಿಸಿದ್ದರೂ ಕ್ಷಮಿಸಿರಿ ಎನ್ನುವುದು. ಅದು ಮುಗಿದು ಆಗಲೇ ತಿಂಗಳುಗಳಾಗಿದ್ದವು. ಅತ್ತೆ ಬ್ಯಾಂಡೇಜು ಸುತ್ತಿದ ತಮ್ಮ ಕಾಲಿನ ಕಡೆಗೆ ತಿರುಗಿ ಕೈ ಜೋಡಿಸಿ, ತುಟಿಯಲ್ಲೇ ಏನೋ ಹೇಳಿಕೊಂಡರು. ಮುಗಿಸಿ ನಮ್ಮ ಮೂವರನ್ನೂ ನೋಡಿದರು.

“ನೀವೂ.”

ನಮ್ಮವರು ಒಡನೆಯೇ ಕೈ ಮುಗಿದರು. ಡಾಕ್ಟರು ಮಾತ್ರ, “ನಾನೂ ಏನು ಆಈ?” ಎಂದರು.

“ಚುಚ್ಚಿದವರು ಯಾರ್ರಿ?”

ನನಗೆ ತಡೆಯಲಾಗಲಿಲ್ಲ. “ಅತ್ತೀ, ನೀವು ಉಳದದ್ದು ಒಂದ ತಪ್ಪೇನ್ರಿ, ಕ್ಷಮಾ ಕೇಳಾಕ?”

“ತಪ್ಪ ಅಂತ ಅಲ್ಲ ಯವ್ವಾ. ಉಳದವರ ಕೇಳಬೇಕು. ಸತ್ತವರು ಬಂದ ಕೇಳತಾರೇನು?”

ಡಾಕ್ಟರು ಸೂಜಿಯ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟರು. ಎಷ್ಟು ಸೈನಿಕರಿಗೆ ಅವರು ಆ ಔಷಧ ಚುಚ್ಚಿದ್ದರೋ, ಎಷ್ಟು ಮಂದಿ ಔಷಧ ಬರುವ ಮೊದಲೇ ಅವರ ಕೈಯಲ್ಲಿ ಹೋಗಿದ್ದರೋ, ಯಾರಿಗೆ ಗೊತ್ತು. ಕೈ ಜೋಡಿಸಿ, ತಲೆ ಬಗ್ಗಿಸಿ ನಿಂತರು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ.

ನಾನು ಕೇಳಬೇಕಾದ ಕ್ಷಮೆ ಬೇರೆ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಮಂಚದ ಕೊನೆಗೆ ಹೋಗಿ, ಬ್ಯಾಂಡೇಜು ಇಲ್ಲದ ಇನ್ನೊಂದು ಪಾದವನ್ನು ಎರಡೂ ಕೈಯಿಂದ ಹಿಡಿದೆ. ಎಂಟು ದಿನಗಳಲ್ಲಿ ಮೊದಲ ಸಲ ಅದು ತಣ್ಣಗಿತ್ತು.